ಲಿಸ್ಬನ್ನಿನ ಖಡ್ಗಮೃಗ

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿಗೆ ಹೋದ ಪ್ರವಾಸಿಗಳಲ್ಲಿ ಬೆಲೆಂ ಗೋಪುರವನ್ನು ನೋಡದೆ ಬರುವವರು ಕಡಿಮೆ. ಟೇಗಸ್ ನದಿ ಕಡಲಿನತ್ತ ತಿರುಗುವ ಹಾದಿಯಲ್ಲಿ, ಬಂದರಿನ ಕಾವಲಿಗೆಂದು 16ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಬಿಳಿಗಲ್ಲಿನ ಕೋಟೆ ಅದು. ಅದರ ಪಶ್ಚಿಮದ ಒಂದು ಕಾವಲುಗೂಡಿನ ಬುಡದಲ್ಲಿ, ಉಪ್ಪುಗಾಳಿಗೆ ಸವೆದ ಖಡ್ಗಮೃಗದ ತಲೆಯೊಂದಿದೆ. ಹುಡುಕದವರಿಗೆ ಅದು ಕಾಣುವುದೇ ಇಲ್ಲ. ಆ ಪ್ರಾಣಿ ನಮ್ಮ ಕಡೆಯದು. ಗುಜರಾತಿನ ಸುಲ್ತಾನ ಎರಡನೆಯ ಮುಜಫರ್ ಶಾ ಅದನ್ನು ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕನಿಗೆ ಉಡುಗೊರೆಯಾಗಿ ಕಳಿಸಿದ್ದ. ಅಲ್ಬುಕರ್ಕ್ ಅದನ್ನು ಗೋವೆಯಿಂದ ತನ್ನ ದೊರೆ ಮ್ಯಾನುಯೆಲ್‌ಗೆ ಹಡಗು ಹತ್ತಿಸಿದ. 1515ರ ಮೇ ತಿಂಗಳಲ್ಲಿ ಅದು ಲಿಸ್ಬನ್ನಿನಲ್ಲಿ ಇಳಿಯಿತು. ರೋಮನರ ಕಾಲ ಕಳೆದ ಮೇಲೆ ಯೂರೋಪು ಕಂಡ ಮೊದಲ ಜೀವಂತ ಖಡ್ಗಮೃಗ ಅದು. ಜರ್ಮನಿಯ ಡ್ಯೂರರ್ ಅದನ್ನು ಕಣ್ಣಾರೆ ಕಾಣದೆಯೇ, ಕೈಗೆ ಬಂದ ವರ್ಣನೆಯನ್ನು ನಂಬಿ, ತನ್ನ ಪ್ರಸಿದ್ಧ ಮರದಚ್ಚಿನ ಚಿತ್ರವನ್ನು ಮಾಡಿದ. ದೊರೆ ಪೋಪರನ್ನು ಮೆಚ್ಚಿಸಲು ಅದನ್ನು ರೋಮಿಗೆ ಕಳಿಸಿದಾಗ ಇಟಲಿಯ ಕರಾವಳಿಯಲ್ಲಿ ಹಡಗು ಮುಳುಗಿ ಪ್ರಾಣಿಯೂ ಸತ್ತಿತು. ಅದು ಹೊರಟ ಗೋವೆ ಬಿಜಾಪುರದ ಆದಿಲ್ ಶಾಹಿಯ ಕೈತಪ್ಪಿ ಪೋರ್ಚುಗೀಸರ ಪಾಲಾದದ್ದು 1510ರಲ್ಲಿ, ಹೊನ್ನಾವರದ ಕಡಲ ನಾಯಕ ತಿಮ್ಮಯ್ಯನ ನೆರವಿನಿಂದ. ಕಾವಲುಗೂಡಿನ ಆ ಒಂದು ಕಲ್ಲು ಇಷ್ಟು ದೂರದ ಕತೆಯನ್ನು ಹೊತ್ತು ನಿಂತಿದೆ.

ಪ್ರವಾಸದಲ್ಲಿ ಇಂಥವನ್ನು ನಾವು ಸಣ್ಣ ಅಚ್ಚರಿಗಳು ಎಂದು ಕರೆದು, ಮುಖ್ಯವಾದುದನ್ನೆಲ್ಲ ನೋಡಿ ಮುಗಿಸಿ ಹೊತ್ತು ಮಿಕ್ಕರೆ ನೋಡುವ ಸಾಲಿಗೆ ಸೇರಿಸುತ್ತೇವೆ. ಬಂದರು ನಗರಗಳ ಮಟ್ಟಿಗಾದರೂ ಈ ಕ್ರಮ ತಲೆಕೆಳಗಾದದ್ದು ಎಂದು ನನ್ನ ವಾದ. ದೊಡ್ಡ ಸ್ಮಾರಕ ಹೇಳುವುದು ನಗರ ತನ್ನ ಬಗ್ಗೆ ಏನನ್ನು ಹೇಳಿಕೊಳ್ಳಲು ಬಯಸಿತು ಎಂಬುದನ್ನು. ಹಡಗಿನಲ್ಲಿ ನಿಜಕ್ಕೂ ಬಂದಿಳಿದದ್ದು ಏನು ಎಂದು ತಿಳಿಯಲು ನೆಲಹಾಸು, ಗೋಡೆ, ಬೀದಿಯ ಹೆಸರು, ಮಾತು ಇವುಗಳ ಕಡೆಗೇ ಹೋಗಬೇಕು. ಬೆಲೆಂ ಗೋಪುರಕ್ಕೆ ಕೂಗಳತೆಯಲ್ಲೇ ನಾವಿಕರ ದೊಡ್ಡ ಸ್ಮಾರಕವಿದೆ. ಹಡಗಿನ ಮೂತಿಯ ಆಕಾರ, ಎರಡೂ ಬದಿಯಲ್ಲಿ ವೀರರ ಸಾಲು. ಅದನ್ನು ಕಂಡವರು ಶತಮಾನಗಳಷ್ಟು ಹಳೆಯದೆಂದು ಭಾವಿಸುವುದು ಸಹಜ. ಆದರೆ ಅದು ಎದ್ದದ್ದು 1960ರಲ್ಲಿ, ಸಲಜಾರ್‌ನ ಸರ್ವಾಧಿಕಾರದ ಕಾಲದಲ್ಲಿ, ವಸಾಹತುಗಳನ್ನು ಬಿಟ್ಟುಕೊಡಲು ಒಲ್ಲದ ಸರಕಾರದ ಕೈಯಲ್ಲಿ. ಅದರ ಮುಂದಿನ ನೆಲದಲ್ಲಿರುವ ದೊಡ್ಡ ದಿಕ್ಸೂಚಿ ಅಂದಿನ ವರ್ಣಭೇದದ ದಕ್ಷಿಣ ಆಫ್ರಿಕಾ ಕೊಟ್ಟ ಕಾಣಿಕೆ. ಆ ಸ್ಮಾರಕದಿಂದ 15ನೆಯ ಶತಮಾನಕ್ಕಿಂತ 20ನೆಯ ಶತಮಾನವೇ ಹೆಚ್ಚು ತಿಳಿಯುತ್ತದೆ.

ಈಗ ನಗರದ ನಡುವೆ ಕಾಲ ಕೆಳಗೆ ನೋಡಬೇಕು. ಲಿಸ್ಬನ್ನಿನ ಕಾಲುದಾರಿಗಳಿಗೆ ಮುಷ್ಟಿಯೊಳಗೆ ಹಿಡಿಯುವಷ್ಟು ಸಣ್ಣ ಬಿಳಿ ಸುಣ್ಣಕಲ್ಲನ್ನೂ ಕಪ್ಪು ಕಲ್ಲನ್ನೂ ಒಂದೊಂದಾಗಿ ಸುತ್ತಿಗೆಯಿಂದ ಬಡಿದು ಕೂರಿಸಿದ್ದಾರೆ. ಈ ಚಿತ್ತಾರದ ನೆಲ ಶುರುವಾದದ್ದು 1842ರಲ್ಲಿ ಸಾವೊ ಜಾರ್ಜ್ ಕೋಟೆಯಲ್ಲಿ. ಹಾಸಿದವರು ಅಲ್ಲಿನ ಸೆರೆಯಾಳುಗಳು. ಕೆಲವೇ ವರ್ಷಗಳಲ್ಲಿ ರೊಸ್ಸಿಯು ಚೌಕಕ್ಕೆ ಅಲೆಯ ವಿನ್ಯಾಸ ಬಂತು, ಒಣನೆಲದ ಮೇಲೆ ಕಡಲು ಹೊಯ್ದಾಡಿದ ಹಾಗೆ. ಅದೇ ಅಲೆ ರಿಯೊ ಡಿ ಜನೈರೊದ ಕೋಪಕಬಾನಾ ತೀರದಲ್ಲೂ ಚೀನಾದ ಮಕಾವಿನ ಸೆನಾದೊ ಚೌಕದಲ್ಲೂ ಇದೆ. ಗೋಡೆಯ ಹೆಂಚುಗಳ ಕತೆಯೂ ಹೀಗೇ ಊರೂರು ತಿರುಗಿದ್ದು. ಅಜುಲೇಜು ಎಂಬ ಅವುಗಳ ಹೆಸರು ನುಣುಪು ಕಲ್ಲು ಎಂಬರ್ಥದ ಅರಬ್ಬಿ ಪದದಿಂದ ಹುಟ್ಟಿತು. ನೀಲಿ-ಬಿಳಿಯ ಒಲವಿನ ಹಿಂದೆ ಚೀನಾದ ಪಿಂಗಾಣಿಯೂ ಡಚ್ಚರ ಹೆಂಚೂ ಇವೆ. ಮನೆಯ ಹೊರಗೋಡೆಗೇ ಅದನ್ನು ಹೊದಿಸುವ ರೂಢಿ 19ನೆಯ ಶತಮಾನದಲ್ಲಿ ಬೆಳೆಯಲು ಬ್ರೆಜಿಲ್‌ನಿಂದ ಹಣ ಮಾಡಿಕೊಂಡು ಮರಳಿದವರೂ ಒಂದು ಕಾರಣ.

ನನ್ನ ಈ ವಾದಕ್ಕೆ ಮೊದಲ ಆಕ್ಷೇಪ ಹಣದ್ದು, ಹೊತ್ತಿನದು. ಲಕ್ಷ ಖರ್ಚು ಮಾಡಿ ಮೂರು ದಿನಕ್ಕೆ ಹೋದವರು ನೆಲ ನೋಡುತ್ತ ಕೂರಬೇಕೇ? ಪ್ರಶ್ನೆ ನ್ಯಾಯವಾದದ್ದೇ. ಆದರೆ ನೆಲಕ್ಕೂ ಗೋಡೆಗೂ ಟಿಕೆಟ್ ಇಲ್ಲ, ಸರದಿಯಿಲ್ಲ. ಒಂದು ಸ್ಮಾರಕದಿಂದ ಇನ್ನೊಂದಕ್ಕೆ ಹೋಗುವ ದಾರಿಯೇ ಅವು. ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಇತಿಹಾಸ ಓದಿದವರಿಗೆ ಕಲ್ಲು ಮಾತಾಡೀತು, ಉಳಿದವರಿಗೆ ಅದು ಬರೀ ಕಲ್ಲು ತಾನೆ? ಕನ್ನಡದ ಪ್ರವಾಸಿ ಮಾತ್ರ ಅಲ್ಲಿಗೆ ಬರಿಗೈಯಲ್ಲಿ ಹೋಗುವುದಿಲ್ಲ. ಬೀಗದಕೈಗೆ ಅಲ್ಲಿ ಶಾವ್ ಎನ್ನುತ್ತಾರೆ, ನಮ್ಮ ಚಾವಿ. ಚರ್ಚಿಗೆ ಇಗ್ರೇಜ, ನಮ್ಮ ಕರಾವಳಿಯ ಇಗರ್ಜಿ. ಆಲೂಗಡ್ಡೆ ಬತಾತ, ನಮ್ಮ ಬಟಾಟೆ. ಬಕೆಟ್ಟು ಬಾಲ್ದ್, ನಮ್ಮ ಬಾಲ್ದಿ. ಬಟ್ಟೆಬರೆ ಇಡುವ ಅರ್ಮಾರಿಯು ನಮ್ಮ ಅಲಮಾರು. ಪಗಾರದ ಮೂಲವೂ ಅವರ ಪಗಾರ್, ಅಂದರೆ ಹಣ ಕೊಡು. ಮಂಗಳೂರಿನ, ಕಾರವಾರದ ಅಡುಗೆಮನೆಯ ಮಾತನ್ನು ಲಿಸ್ಬನ್ನಿನ ಅಂಗಡಿಯಲ್ಲಿ ಕೇಳಿಸಿಕೊಳ್ಳಲು ಯಾವ ಪುಸ್ತಕವೂ ಬೇಡ, ಕಿವಿ ಇದ್ದರೆ ಸಾಕು.

ಮೂರನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ. ಸಣ್ಣದರ ಚೆಲುವಿಗೆ ಮನಸೋತವರು ಅದರ ಹಿಂದಿನ ನೋವನ್ನು ಮರೆಯುತ್ತಾರೆ ಎಂಬುದು ಅದು. ಸೆರೆಯಾಳುಗಳು ಹಾಸಿದ ನೆಲವನ್ನು ಚಂದ ಎಂದು ಹೊಗಳುವುದು ಸುಲಭ. ಮಳೆ ಬಿದ್ದರೆ ಆ ನುಣುಪುಗಲ್ಲಿನ ಮೇಲೆ ಜಾರುವ ಅಲ್ಲಿನ ಮುದುಕರಿಗೆ ಅದು ಚಂದವಲ್ಲ, ದಿನದ ಭಯ. ಒಪ್ಪುತ್ತೇನೆ. ಆದರೆ ನೋವನ್ನು ಮರೆಮಾಚುವ ಶಕ್ತಿ ಭವ್ಯವಾದುದಕ್ಕೇ ಹೆಚ್ಚು. ಜೆರೋನಿಮೊಸ್ ಮಠದ ಕಂಬಗಳ ಹಗ್ಗದ ಕೆತ್ತನೆಯ ಕೆಳಗೆ ನಿಂತವರಿಗೆ, ಅದಕ್ಕೆ ಹಣ ಒದಗಿಸಿದ್ದು ಆಫ್ರಿಕಾ ಮತ್ತು ಪೂರ್ವದ ವ್ಯಾಪಾರದ ಮೇಲಿನ ಸುಂಕ ಎಂಬುದು ಹೊಳೆಯುವುದಿಲ್ಲ. ರೊಸ್ಸಿಯು ಚೌಕದ ಮಗ್ಗುಲಲ್ಲೇ, ಸಾವೊ ದೊಮಿಂಗೊಸ್ ಚರ್ಚಿನ ಮುಂದೆ ಇರುವ ಪುಟ್ಟ ಕಲ್ಲು ಏನನ್ನೂ ಅಡಗಿಸುವುದಿಲ್ಲ. 1506ರಲ್ಲಿ ಈ ನಗರದಲ್ಲಿ ಕೊಲೆಯಾದ ಯಹೂದಿಗಳ ನೆನಪಿಗೆ 2008ರಲ್ಲಿ ಇಟ್ಟದ್ದು ಅದು. ಚರ್ಚಿನ ಒಳಗೆ 1959ರ ಬೆಂಕಿಗೆ ಸಿಡಿದ ಕಂಬಗಳನ್ನು ಇಂದಿಗೂ ಹಾಗೇ ಉಳಿಸಿದ್ದಾರೆ.

ಹೆಂಚುಗಳ ಸಂಗ್ರಹಾಲಯದಲ್ಲಿ 1700ರ ಸುಮಾರಿಗೆ ಹೆಂಚಿನ ಮೇಲೆ ಬರೆದ ಲಿಸ್ಬನ್ನಿನ ನೋಟವಿದೆ, ಸುಮಾರು 23 ಮೀಟರು ಉದ್ದ. ಮನೆ, ಮಠ, ದೋಣಿ, ನದಿಯಂಚಿನ ಅರಮನೆ, ಎಲ್ಲವೂ ನೀಲಿಯಲ್ಲಿ. 1755ರ ನವೆಂಬರ್ 1ರ ಬೆಳಗ್ಗೆ ಭೂಕಂಪ, ಅದರ ಹಿಂದೆಯೇ ಕಡಲ ಹೆದ್ದೆರೆ ಮತ್ತು ಬೆಂಕಿ ಬಂದು ಆ ಊರಿನ ಬಹುಪಾಲು ಅಳಿಯಿತು. ಒಡೆಯುವ ವಸ್ತುವಾದ ಹೆಂಚು ಉಳಿಯಿತು. ಅರಮನೆಯಿದ್ದ ಜಾಗದಲ್ಲಿ ಅಂದಿನ ಮಂತ್ರಿ ಪೊಂಬಾಲ್ ಹೊಸ ಚೌಕ ಕಟ್ಟಿಸಿದ. ಅದಕ್ಕೆ ವಾಣಿಜ್ಯ ಚೌಕವೆಂಬ ಹೆಸರು ಬಂತು. ಊರಿನ ಜನ ಇವತ್ತಿಗೂ ಅದನ್ನು ತೆರೇರು ದು ಪಾಸು ಎನ್ನುತ್ತಾರೆ, ಅಂದರೆ ಅರಮನೆಯಂಗಳ. ಮೆಟ್ರೊ ನಿಲ್ದಾಣದ ಫಲಕದಲ್ಲೂ ಅದೇ ಹೆಸರಿದೆ.