ಚಳಿಗೆ ಮುನಿಯುವ ಮೋಟಾರು

ಧನುರ್ಮಾಸದ ಮುಂಜಾವು, ಗಂಟೆ ಐದೂ ಆಗಿಲ್ಲ. ಮೊಣಕಾಲಿನ ನೋವಿನಿಂದ ನಾಲ್ಕು ಹೆಜ್ಜೆ ನಡೆಯಲಾರದ ನಮ್ಮ ತಾಯಿಯವರು ಶಾಲು ಹೊದ್ದು, ಹೂಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕುಳಿತಾಗಿದೆ. ದೇವಸ್ಥಾನದ ಪೂಜೆ ಸೂರ್ಯೋದಯಕ್ಕೆ ಮುಂಚೆಯೇ ಮುಗಿಯುತ್ತದೆ. ನಾನು ಚೋಕ್ ಎಳೆದು ಕೀಲಿ ತಿರುಗಿಸಿದೆ. ಎಂಜಿನ್ನು ತಿರುಗಿತು, ಕೆಮ್ಮಿತು, ಸುಮ್ಮನಾಯಿತು. ಹತ್ತು ಸಲ, ಹನ್ನೆರಡು ಸಲ. “ಬಿಡಪ್ಪ, ಮನೆಯಲ್ಲೇ ದೀಪ ಹಚ್ಚಿದರಾಯಿತು” ಎಂದು ತಾಯಿಯವರು ಇಳಿದು ಒಳಗೆ ಹೋದರು. ಆ ಮಾತಿನಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ. ಅದೇ ನನ್ನನ್ನು ಚುಚ್ಚಿತು.

ಕಾರು ನಮ್ಮ ತಂದೆಯವರು 1988ರಲ್ಲಿ ಕೊಂಡದ್ದು. ಮೆಕ್ಯಾನಿಕ್ಕನು ಬಂದು ಬಾನೆಟ್ಟಿನೊಳಗೆ ಇಣುಕಿ, “ಬೋರ್ ಸವೆದಿದೆ ಸ್ವಾಮಿ, ಎಂಜಿನ್ ಇಳಿಸಲೇಬೇಕು” ಎಂದು ತೀರ್ಪು ಕೊಟ್ಟನು. ಅವನು ಹೇಳಿದ ಮೊತ್ತಕ್ಕಿಂತ ಗುಜರಿಯವನು ಕಾರಿಗೆ ಕಟ್ಟುವ ಬೆಲೆಯೇ ಕಡಿಮೆ. “ಮಾರಿಬಿಡಿ ಅಂದ್ರೆ, ಇನ್ನೆಷ್ಟು ದಿನ ಇದನ್ನು ಸಾಕ್ತೀರಿ?” ಎಂದು ಮನೆಯವಳ ಅಭಿಪ್ರಾಯ. ನಾನು ಎರಡು ದಿನದ ಗಡುವು ಕೇಳಿಕೊಂಡೆ.

ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿಯಲ್ಲಿ. ಮಂಜು ಹೆಪ್ಪುಗಟ್ಟುವ ನಾಡುಗಳಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲಿಯೂ ಕಾರುಗಳು ಹೊರಡುತ್ತವೆ. ಆದುದರಿಂದ ನಮ್ಮೂರಿನಲ್ಲಿ ಬೆಳಗಿನ ಹೊತ್ತು ಕಾರು ಹಟ ಹಿಡಿದರೆ ತಪ್ಪು ಚಳಿಯದಲ್ಲ. ಮೊದಲೇ ಎಲ್ಲಿಯೋ ಅಡಗಿದ್ದ ಕೊರತೆಯನ್ನು ಚಳಿ ಬಯಲಿಗೆಳೆದಿದೆ, ಅಷ್ಟೆ.

ಪೆಟ್ರೋಲು ದ್ರವವಾಗಿ ಉರಿಯುವುದಿಲ್ಲ. ಆವಿಯಾಗಿ ಗಾಳಿಯೊಡನೆ ಬೆರೆತರೆ ಮಾತ್ರ ಉರಿಯುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ ಬೇಕು. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲಿನ ಹೆಚ್ಚು ಭಾಗ ಆವಿಯಾಗದೆ, ಹನಿಹನಿಯಾಗಿ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಆ ನಷ್ಟವನ್ನು ತುಂಬಲು ಗಾಳಿಯನ್ನು ತಡೆದು ಪೆಟ್ರೋಲನ್ನು ಹೆಚ್ಚಿಸಬೇಕು. ಹಳೆಯ ಕಾರುಗಳಲ್ಲಿ ಚೋಕ್ ಎಂಬ ಗುಂಡಿಯಿರುವುದು ಇದಕ್ಕಾಗಿಯೇ. ಅದೇ ಹೊತ್ತಿನಲ್ಲಿ ಎಂಜಿನ್ನಿನ ಎಣ್ಣೆ ಗಟ್ಟಿಯಾಗಿ ತಿರುಗುವುದು ಕಷ್ಟವಾಗುತ್ತದೆ. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ ಅದರ ಕಸುವೂ ಕುಂದುತ್ತದೆ. ಇದ್ದ ಕಸುವನ್ನು ಸೆಲ್ಫ್ ಎಳೆದುಕೊಂಡುಬಿಟ್ಟರೆ ಕಿಡಿ ಬಡವಾಗುತ್ತದೆ.

ಪರೀಕ್ಷೆಯನ್ನು ಕಿವಿಯಿಂದ ಆರಂಭಿಸಬೇಕು. ಸೆಲ್ಫ್ ನರಳುತ್ತ ನಿಧಾನವಾಗಿ ತಿರುಗಿ, ದೀಪಗಳು ಮಂಕಾದರೆ ವಿದ್ಯುತ್ತಿನ ಕಡೆ ನೋಡಿರಿ. ರಾತ್ರಿ ಸುಮ್ಮನಿದ್ದ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟಿನ ಆಸುಪಾಸಿನಲ್ಲಿದ್ದರೆ ತುಂಬಿದೆ ಎಂದರ್ಥ. ಎಷ್ಟೋ ಸಲ ಬ್ಯಾಟರಿ ನಿರಪರಾಧಿ. ಅದರ ತುದಿಗಳ ಮೇಲೆ ಬೆಳೆದ ಬಿಳಿ, ಹಸಿರು ಪುಡಿಯೇ ಕಳ್ಳ. ಮೊದಲು ಕಾರಿನ ಮೈಗೆ ಸೇರಿದ ತಂತಿಯನ್ನು ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ಬಿಗಿಮಾಡಿ, ಮೇಲೆ ವ್ಯಾಸಲೀನ್ ಸವರಿದರೆ ಸಾಕು. ಹೊಸ ಬ್ಯಾಟರಿ ಕೊಳ್ಳುವ ಮುನ್ನ ಈ ಸೋಡಾ ಪ್ರಯೋಗವನ್ನು ತಪ್ಪದೆ ಮಾಡಿರಿ.

ನಮ್ಮ ಕಾರಿನಲ್ಲಿ ಸೆಲ್ಫ್ ಗಟ್ಟಿಯಾಗಿಯೇ ತಿರುಗುತ್ತಿತ್ತು. ಹಾಗಾದರೆ ಉಳಿದುದು ಎರಡು: ಕಿಡಿ ಇಲ್ಲ, ಇಲ್ಲವೇ ಪೆಟ್ರೋಲಿಲ್ಲ. ಹತ್ತು ಸೆಕೆಂಡು ಸೆಲ್ಫ್ ಹೊಡೆದು ಒಂದು ಪ್ಲಗ್ಗನ್ನು ಬಿಚ್ಚಿ ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ಪ್ಲಗ್ಗಿನ ತುದಿ ಒದ್ದೆಯಾಗಿ ಘಾಟು ಹೊಡೆದರೆ ಪೆಟ್ರೋಲು ಬಂದಿದೆ, ಕಿಡಿಯಲ್ಲಿ ದೋಷ. ಅಥವಾ ನಾವೇ ಅವಸರಪಟ್ಟು ಪೆಟ್ರೋಲನ್ನು ಅತಿಯಾಗಿ ತುಂಬಿಸಿದ್ದೇವೆ. ಅತಿಯಾಗಿದ್ದರೆ ಚೋಕನ್ನು ಒಳಗೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ಅದುಮಿ ತಿರುಗಿಸಬೇಕು. ಒಂದು ಮಾತು: ಈ ಕೆಲಸ ಮಾಡುವಾಗ ಹತ್ತಿರ ಬೀಡಿ, ದೀಪ ಯಾವುದೂ ಇರಕೂಡದು, ಷೆಡ್ಡಿನ ಬಾಗಿಲು ತೆರೆದಿರಲಿ, ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆಯಿಲ್ಲ.

ನಮ್ಮ ಪ್ಲಗ್ಗು ಒಣಗಿ ಬಿಸಿಲಿಗಿಟ್ಟ ಹಪ್ಪಳದಂತಿತ್ತು! ಪಂಪಿನಿಂದ ಕಾರ್ಬುರೇಟರಿಗೆ ಪೆಟ್ರೋಲು ಸರಿಯಾಗಿ ಬರುತ್ತಿತ್ತು. ಮಧ್ಯಾಹ್ನ ಇದೇ ಕಾರು ಏರನ್ನು ಸಲೀಸಾಗಿ ಹತ್ತುತ್ತಿತ್ತು. ನೀಲಿ ಹೊಗೆಯಿಲ್ಲ, ಎಣ್ಣೆ ಕುಡಿಯುವುದಿಲ್ಲ. ಬೋರ್ ಸವೆದ ಎಂಜಿನ್ನಿಗೆ ಈ ಲಕ್ಷಣಗಳು ಒಪ್ಪುವುದಿಲ್ಲವೆಂದು ನನಗೆ ಧೈರ್ಯ ಬಂತು. ಏರ್ ಫಿಲ್ಟರನ್ನು ತೆಗೆದಿಟ್ಟು, ಚೋಕ್ ಎಳೆಯುವಂತೆ ಮನೆಯವಳಿಗೆ ಹೇಳಿ, ಕಾರ್ಬುರೇಟರಿನ ಬಾಯಿಯನ್ನು ಟಾರ್ಚಿನ ಬೆಳಕಿನಲ್ಲಿ ನೋಡಿದೆ. ಗುಂಡಿ ಪೂರ್ತಿ ಹೊರಗೆ ಬಂದಿತ್ತು. ಗಾಳಿಯನ್ನು ತಡೆಯಬೇಕಾದ ಪುಟ್ಟ ತಗಡು ಮಾತ್ರ ಅರ್ಧಕ್ಕೇ ನಿಂತಿತ್ತು. ತಂತಿಯನ್ನು ಹಿಡಿದಿದ್ದ ಸ್ಕ್ರೂ ಸಡಿಲಗೊಂಡು, ತಂತಿ ಜಾರಿಹೋಗಿತ್ತು. ಎಷ್ಟು ಚಳಿಗಾಲಗಳಿಂದ ಸ್ವಲ್ಪಸ್ವಲ್ಪವೇ ಜಾರುತ್ತಿತ್ತೋ! ತಂತಿಯನ್ನು ಎಳೆದು ಸ್ಕ್ರೂ ಬಿಗಿದೆ. ಮರುದಿನ ಬೆಳಗ್ಗೆ ಎರಡನೆಯ ಸುತ್ತಿಗೇ ಎಂಜಿನ್ನು ಎದ್ದಿತು.

ಚೋಕಿಲ್ಲದ ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಈ ಲೆಕ್ಕವನ್ನು ಕಂಪ್ಯೂಟರು ಮಾಡುತ್ತದೆ. ಎಂಜಿನ್ನು ತಣ್ಣಗಿದೆಯೆಂದು ಅದಕ್ಕೆ ವರದಿ ಮಾಡುವುದು ಶೈತ್ಯಜಲದಲ್ಲಿ ಮುಳುಗಿರುವ ಒಂದು ಸೆನ್ಸಾರು. ಅದು ಸುಳ್ಳು ಹೇಳಿದರೆ ಪೆಟ್ರೋಲು ಸಾಲದೆ ಕಾರು ನಮ್ಮ ಕಾರಿನಂತೆಯೇ ಕೆಮ್ಮುತ್ತದೆ. ಕೀಲಿಯನ್ನು ‘ಆನ್’ ಹಂತಕ್ಕೆ ತಿರುಗಿಸಿ, ಪಂಪು ಒತ್ತಡ ಕಟ್ಟುವವರೆಗೆ ಎರಡು ಸೆಕೆಂಡು ತಡೆದು ನೋಡಿರಿ. ಹಳೆಯ ಕಾರಿನವರಿಗೆ ಇನ್ನೊಂದು ತಾಪತ್ರಯ: 2025ರ ಹೊತ್ತಿಗೆ ನಮ್ಮ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಸೇರಿದೆ. ಆವಿಯಾಗಲು ಅದಕ್ಕೆ ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಕು. ಹಳೆಯ ರಬ್ಬರ್ ಕೊಳವೆಗಳಿಗೂ ಅದು ಒಗ್ಗದಿರಬಹುದು. ವರ್ಷಕ್ಕೊಮ್ಮೆ ಮುಟ್ಟಿ ನೋಡುವುದು ಒಳ್ಳೆಯದು.

ಕಾರನ್ನು ಮಾರುವ ಮಾತು ನಮ್ಮ ಮನೆಯಲ್ಲಿ ಸದ್ಯಕ್ಕೆ ನಿಂತಿದೆ. ವೈಕುಂಠ ಏಕಾದಶಿಯಂದು ನಾಲ್ಕೂವರೆಗೇ ಹೊರಟೆವು. ಮಲ್ಲೇಶ್ವರದ ತಿರುವು ದಾಟಿದ ಮೇಲೆ ಹಿಂದಿನಿಂದ ತಾಯಿಯವರ ದನಿ ಕೇಳಿತು: “ಆ ಗುಂಡಿ ಒಳಗೆ ತಳ್ಳೋ, ನಿಮ್ಮಪ್ಪ ಇಲ್ಲಿಗೆ ಬರುವ ಹೊತ್ತಿಗೆ ತಳ್ಳುತ್ತಿದ್ದರು.”