ಬಾಂಡ್‌ನ ಎರಡು ಕಾರು: ಒಂದು ಧಣಿ, ಒಂದು ಕೂಲಿ!

ಸಿ.ಐ.ಡಿ. 999 ಆಗಿ ರಾಜ್‌ಕುಮಾರ್ ಪಿಸ್ತೂಲು ಹಿಡಿದಾಗ ಸೀಟಿ ಹೊಡೆದ ನಮ್ಮ ರಸಿಕರಿಗೆ ಜೇಮ್ಸ್ ಬಾಂಡ್ ಯಾರೂಂತ ಹೇಳಬೇಕಿಲ್ಲ. ಬಾಂಡ್‌ನ ಕಾರು ಯಾವುದು ಅಂದ್ರೆ ಎಲ್ಲರ ಬಾಯಲ್ಲೂ ಒಂದೇ ಹೆಸರು... ಆಸ್ಟನ್ ಮಾರ್ಟಿನ್! ಅದೇ ಬಾಂಡ್‌ನ ಪ್ರಾಣ ಉಳಿಸಿದ ಬಡಪಾಯಿ ಸಿಟ್ರೋಯೆನ್ ಯಾರಿಗೂ ನೆನಪಾಗೋದಿಲ್ಲ. ಇದು ನ್ಯಾಯವೇ? ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡೋಣ.

ಮೊದಲು ಧಣಿ. 1964ರ 'ಗೋಲ್ಡ್‌ಫಿಂಗರ್' ಚಿತ್ರದಲ್ಲಿ ಶಾನ್ ಕಾನರಿ ಓಡಿಸಿದ ಡಿಬಿ5. ಆರು ಸಿಲಿಂಡರಿನ ನಾಲ್ಕು ಲೀಟರ್ ಎಂಜಿನ್, 282 ಅಶ್ವಶಕ್ತಿ, ಗಂಟೆಗೆ 225 ಕಿ.ಮೀ. ಮೀರುವ ವೇಗ. ಮುಂದೆ ಮೆಷಿನ್‌ಗನ್, ಹಿಂದೆ ಹೊಗೆ ಮತ್ತು ಎಣ್ಣೆ. ಗುಂಡಿ ಒತ್ತಿದರೆ ಸಾಕು, ಪಕ್ಕದ ಸೀಟಿನವನು ಆಕಾಶಕ್ಕೆ!

ಈಗ ಕೂಲಿ. ಸಿಟ್ರೋಯೆನ್ 2ಸಿವಿ, ಪ್ಯಾರಿಸ್ ಪ್ರದರ್ಶನಕ್ಕೆ ಬಂದದ್ದು 1948ರಲ್ಲಿ. ಕಂಪನಿಯ ಮುಖ್ಯಸ್ಥ ಬೂಲಾಂಜೆ ಕೇಳಿದ್ದು ಇಷ್ಟೇ: ಇಬ್ಬರು ರೈತರನ್ನೂ 50 ಕಿಲೋ ಆಲೂಗಡ್ಡೆಯನ್ನೂ ಹೊರಬೇಕು, ಉತ್ತ ಹೊಲದಲ್ಲಿ ಓಡಿದರೂ ಬುಟ್ಟಿಯ ಮೊಟ್ಟೆ ಒಡೆಯಬಾರದು. ಮೊದಲ ಎಂಜಿನ್ 375 ಸಿಸಿ, ಬರೀ 9 ಅಶ್ವಶಕ್ತಿ!

1981ರ 'ಫಾರ್ ಯುವರ್ ಐಸ್ ಓನ್ಲಿ'ಯಲ್ಲಿ ಬಾಂಡ್‌ನ ಬಿಳಿ ಲೋಟಸ್ ಸ್ಫೋಟಗೊಂಡು ಚೂರುಚೂರು. ರೋಜರ್ ಮೂರ್ ಗತಿಯಿಲ್ಲದೆ ನಾಯಕಿ ಕರೋಲ್ ಬೂಕೆಯ ಹಳದಿ 2ಸಿವಿ ಹತ್ತುತ್ತಾರೆ. ಬೆನ್ನ ಹಿಂದೆ ಖಳರ ಪ್ಯೂಜೊ! ಪಲ್ಟಿ ಹೊಡೆದರೆ ಊರ ಜನ ಎತ್ತಿ ನಿಲ್ಲಿಸ್ತಾರೆ. ಆಲಿವ್ ತೋಪಿನ ಇಳಿಜಾರಿನಲ್ಲಿ ಎಗರಿ, ಕುಣಿದು, ನಾಯಕ-ನಾಯಕಿಯರನ್ನು ಪಾರು ಮಾಡುತ್ತೆ ಆ ಪುಟ್ಟ ಕಾರು.

ಡಿಬಿ5ರ ಕತೆ ಏನಾಯ್ತು? ಅಷ್ಟೆಲ್ಲ ಆಯುಧ ಇದ್ದೂ, ಕನ್ನಡಿಯಲ್ಲಿ ಕಂಡ ತನ್ನದೇ ದೀಪದ ಬೆಳಕಿಗೆ ಮೋಸಹೋಗಿ ಗೋಡೆಗೆ ಗುದ್ದಿತು. ಬಾಂಡ್ ಸೆರೆ!

ಹಾಗಂತ ಕೂಲಿಯೂ ಪೂರಾ ಸಾಚಾ ಅಲ್ಲ. ಸಾಹಸ ನಿರ್ದೇಶಕ ರೆಮಿ ಜೂಲಿಯನ್ ತಂಡದ 2ಸಿವಿಗಳಲ್ಲಿ ಗುಡುಗಿದ್ದು ಸಿಟ್ರೋಯೆನ್ ಜಿಎಸ್ ಕಾರಿನ ನಾಲ್ಕು ಸಿಲಿಂಡರಿನ ಎಂಜಿನ್. ಧಣಿಗೂ ಡ್ಯೂಪ್ ಉಂಟು. 2021ರ 'ನೋ ಟೈಮ್ ಟು ಡೈ' ಸಾಹಸಗಳಿಗೆ ಕಾರ್ಬನ್ ಫೈಬರ್ ಮೈಯ ನಕಲಿ ಡಿಬಿ5ಗಳನ್ನು ಕಟ್ಟಿಸಿದರು. ವ್ಯತ್ಯಾಸ ನೋಡಿ... ಬಡವನಿಗೆ ಶಕ್ತಿ ಸಾಲದೆ ಡ್ಯೂಪ್, ಶ್ರೀಮಂತನಿಗೆ ಮೈಗೆ ಗೀರು ಬೀಳಬಾರದೂಂತ ಡ್ಯೂಪ್!

ಆ ಮೈಯ ಬೆಲೆ ಎಷ್ಟು ಗೊತ್ತೇ? ಬಾಂಡ್ ಚಿತ್ರದ ಪ್ರಚಾರಕ್ಕೆಂದೇ ತಯಾರಾದ, ತೆರೆಯ ಮೇಲೆ ಮುಖವನ್ನೇ ತೋರಿಸದ ಡಿಬಿ5 ಒಂದು 2019ರ ಹರಾಜಿನಲ್ಲಿ ಸುಮಾರು 64 ಲಕ್ಷ ಡಾಲರಿಗೆ ಹೋಯ್ತು. ಡಿಬಿ5 ತಯಾರಾದದ್ದೇ ಹತ್ತಿರಹತ್ತಿರ ಒಂದು ಸಾವಿರ. 2ಸಿವಿಯೋ, 1990ರಲ್ಲಿ ನಿಲ್ಲುವ ಹೊತ್ತಿಗೆ 38 ಲಕ್ಷ ದಾಟಿತ್ತು. ಅಷ್ಟು ಮನೆಯ ಆಲೂಗಡ್ಡೆ, ಮೊಟ್ಟೆ, ಮಕ್ಕಳು-ಮರಿಗಳನ್ನು ಹೊತ್ತ ಕಾರು ಅದು.

ಗೋಡೆಗೆ ಅಂಟಿಸುವ ಚಿತ್ರಕ್ಕೆ ಡಿಬಿ5 ಇರಲಿ, ಬೇಡ ಅನ್ನೋರು ಯಾರು? ಆದರೆ ಖಳರು ಬೆನ್ನುಹತ್ತಿದ ದಿನ, ಮೊಟ್ಟೆಯನ್ನೇ ಒಡೆಯದೆ ತಲುಪಿಸುವ ಕಾರಿನಲ್ಲಿ ಕೂರೋದು ವಾಸಿ. ನೀವೇನಂತೀರಿ?