ಮದುವೆಯ ಮಾತುಕತೆಯೂ ಮುಚ್ಚಿಟ್ಟ ಮಾತ್ರೆಯೂ

ಹೆಣ್ಣು ನೋಡುವ ಶಾಸ್ತ್ರಕ್ಕೆ ಮನೆಯನ್ನು ಸಜ್ಜುಗೊಳಿಸುವಾಗ ಕೆಲವು ಮನೆಗಳಲ್ಲಿ ಮಾತ್ರೆಯ ಡಬ್ಬಿಯೊಂದು ಕಪಾಟಿನ ಹಿಂಬದಿಗೆ ಸರಿಯುತ್ತದೆ. ಅದು ಸಕ್ಕರೆ ಕಾಯಿಲೆಯ ಮಾತ್ರೆಯಾಗಿದ್ದರೆ ಇದ್ದಲ್ಲಿಯೇ ಇರುತ್ತಿತ್ತು. ಹಲಸೂರು, ಶಿವಾಜಿನಗರಗಳ ಹಳೆಯ ಮನೆಗಳಿಂದ ಇಂದಿರಾನಗರ, ಕೃಷ್ಣರಾಜಪುರಗಳ ಹೊಸ ಬಡಾವಣೆಗಳವರೆಗೆ ನೆಲೆಸಿರುವ ನಮ್ಮ ಸಮಾಜದ ಕುಟುಂಬಗಳೂ ಇದಕ್ಕೆ ಹೊರತಲ್ಲ. ಅಣ್ಣನ ಮನೋವ್ಯಾಧಿ ತಂಗಿಯ ಸಂಬಂಧಕ್ಕೂ ಅಡ್ಡಿಯಾದೀತೆಂಬುದು ತಂದೆತಾಯಿಗಳ ಭಯ. ಆ ಭಯವನ್ನು ನಾವು ಹಗುರವಾಗಿ ಕಾಣಲಾರೆವು.

ಆದರೆ ಮುಚ್ಚಿಟ್ಟುದರ ಬೆಲೆ ತೆರುವವರು ಯಾರು? ಮದುವೆಯಾಗಿ ಹೋದ ಮಗಳು ಮಾತ್ರೆ ನುಂಗಲು ಮರೆ ಹುಡುಕುತ್ತಾಳೆ. ಮರೆ ಸಿಗದ ದಿನ ಬಿಡುತ್ತಾಳೆ. ಹತೋಟಿಯಲ್ಲಿದ್ದ ಕಾಯಿಲೆ ಮರುಕಳಿಸುತ್ತದೆ. ಉನ್ಮಾದವೂ ಖಿನ್ನತೆಯೂ ಬೇರೆಬೇರೆ ಕಾಲಕ್ಕೆ ಕಾಡುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಸೇವಿಸುವವರ ಮಾತನ್ನೇ ನೋಡೋಣ. ದೇಹದಲ್ಲಿ ನೀರು, ಉಪ್ಪು ಕುಗ್ಗಿದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ಏರಿ ವಿಷವಾಗಬಹುದು. ನಿದ್ರೆಗೆಟ್ಟರೆ ಉನ್ಮಾದ ಕೆರಳಬಹುದು. ಶಿವರಾತ್ರಿಯಂದು ನೀರೂ ಮುಟ್ಟದ ಉಪವಾಸಕ್ಕೂ ಜಾಗರಣೆಗೂ ಮನೆಮಂದಿಯೆಲ್ಲ ಕುಳಿತಾಗ, "ಅತ್ತೆಯವರೇ, ನನಗಾಗದು" ಎನ್ನಲು ಕಾರಣ ಹೇಳಲಾಗದ ಸೊಸೆ ಏನು ಮಾಡಿಯಾಳು? ವಾಲ್ಪ್ರೋಯೇಟ್ ಎಂಬ ಔಷಧವಂತೂ ಗರ್ಭಸ್ಥ ಶಿಶುವಿಗೆ ಹಾನಿಕರ. ಗರ್ಭ ಧರಿಸುವ ಮುನ್ನವೇ ವೈದ್ಯರು ಅದನ್ನು ಬದಲಿಸಬೇಕು. ಗಂಡನಿಗೇ ತಿಳಿಯದಿದ್ದರೆ ಅದು ಸಾಧ್ಯವೆ?

ಕಾನೂನಿನ ಮಾತನ್ನೂ ಹೇಳಬೇಕು. 1955ರ ಹಿಂದೂ ವಿವಾಹ ಕಾಯ್ದೆಯು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಎಲ್ಲ ಮನೋವ್ಯಾಧಿಯೂ ಮದುವೆಗೆ ಅಡ್ಡಿಯೆಂದು ಅದು ಹೇಳುವುದಿಲ್ಲ. ರೋಗದ ಹೆಸರೊಂದೇ ವಿಚ್ಛೇದನಕ್ಕೆ ಸಾಲದು, ಅದರ ತೀವ್ರತೆಯನ್ನು ನೋಡಬೇಕೆಂದು ಸುಪ್ರೀಂ ಕೋರ್ಟ್ 1988ರಲ್ಲಿ ಸ್ಕಿಜೋಫ್ರೇನಿಯಾದ ಪ್ರಕರಣವೊಂದರಲ್ಲಿ ತಿಳಿಸಿತು. ಅಡ್ಡಿಗಳ ಪಟ್ಟಿಯಲ್ಲಿದ್ದ ಮೂರ್ಛೆರೋಗವನ್ನು 1999ರ ತಿದ್ದುಪಡಿ ತೆಗೆದೇಹಾಕಿತು. ಆದರೆ ಮಹತ್ವದ ಸಂಗತಿಯನ್ನು ವಂಚನೆಯಿಂದ ಮರೆಮಾಡಿ ಒಪ್ಪಿಗೆ ಪಡೆದಿದ್ದರೆ, ಮದುವೆಯನ್ನು ರದ್ದುಪಡಿಸಲು ಅದೇ ಕಾಯ್ದೆಯಲ್ಲಿ ದಾರಿಯಿದೆ. ರಕ್ಷಣೆಗೆಂದು ಮುಚ್ಚಿಟ್ಟದ್ದೇ ಹೀಗೆ ಮಗಳ ವಿರುದ್ಧ ಸಾಕ್ಷಿಯಾಗಬಹುದು.

ನಿಮ್ಹಾನ್ಸ್ ಎಂದೊಡನೆ ದನಿ ತಗ್ಗಿಸುವವರು ಇಂದಿಗೂ ಇದ್ದಾರೆ. ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ 1974ರಲ್ಲಿ ರೂಪುಗೊಂಡ ಆ ಸಂಸ್ಥೆಗೆ ಪಾರ್ಶ್ವವಾಯು, ಮೂರ್ಛೆರೋಗಗಳಿಂದ ಬಳಲುವವರೂ ಹೋಗುತ್ತಾರೆ. (ಅವರ ಮನೆಯವರೂ ದನಿ ತಗ್ಗಿಸಿಯೇ ಮಾತಾಡುತ್ತಾರೆಂಬುದು ವಿಚಿತ್ರ!) ಅಷ್ಟು ದೂರ ಹೋಗಲು ಹಿಂಜರಿಯುವವರಿಗೆ ದಂಡು ಪ್ರದೇಶದ ಪಾಟರಿ ರಸ್ತೆಯಲ್ಲಿಯೇ, 1964ರಲ್ಲಿ ಆರಂಭವಾದ ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್ ಇದೆ. 2022ರಿಂದ ಟೆಲಿ ಮಾನಸ್ ಸಹಾಯವಾಣಿಯೂ ಇದ್ದು, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು.

ಹಾಗಾದರೆ ಯಾವಾಗ ಹೇಳುವುದು, ಯಾರು ಹೇಳುವುದು? ಮೊದಲ ಭೇಟಿಯಲ್ಲಿಯೇ ಬೇಕಿಲ್ಲ; ನಿಶ್ಚಿತಾರ್ಥಕ್ಕೆ ಮುನ್ನ ಆಗಲೇಬೇಕು. ತನ್ನ ಕಾಯಿಲೆಯ ವಿವರ ಗುಟ್ಟಾಗಿರಬೇಕೆನ್ನುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಕೊಟ್ಟಿರುವುದರಿಂದ, ಚಿಕ್ಕಪ್ಪ, ಸೋದರಮಾವಂದಿರು ಮುಂದಾಗಿ ಹರಡುವ ಮಾತಲ್ಲ ಇದು. ಮಗನೋ ಮಗಳೋ ಒಪ್ಪಿದರೆ, ಚಿಕಿತ್ಸೆ ನೀಡುತ್ತಿರುವ ವೈದ್ಯರ ಎದುರು ವಧೂವರರಿಬ್ಬರೂ ಕುಳಿತು ಮಾತಾಡುವುದು ಎಲ್ಲಕ್ಕಿಂತ ಮೇಲು. ಕೇಳುವ ಬೀಗರು ರೋಗದ ಹೆಸರನ್ನೇ ಹಿಡಿದು ಜಗ್ಗುವ ಬದಲು, ಕಾಯಿಲೆ ಕೊನೆಯ ಬಾರಿ ಉಲ್ಬಣಿಸಿದ್ದು ಎಂದು, ಈಗ ನಿದ್ರೆ, ಕೆಲಸ ಹೇಗೆ ಸಾಗಿವೆ, ಮಾತ್ರೆಯನ್ನು ಎಷ್ಟು ಕಾಲ ಮುಂದುವರಿಸಬೇಕು ಎಂದು ಆ ವೈದ್ಯರನ್ನೇ ಕೇಳಬಹುದು.